ಓಣಿ ಕಡೆಗೊಂದು ಬಾಗಿಲು

ಸುಮಾ, ಶರಣು,

ಕರಿ ಸೀರೆ ಉಟ್ಟು ಹಸೆಮಣೆ ಏರಿದ ಮದುಮಗಳನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನಮ್ಮ ಅಂಗಡಿಯ ದೆಸೆಯಿಂದ ಮಲ್ಲಟದಲ್ಲಿ ಅಂಥದೊಂದು ಮದುವೆ ನಡೆದುಹೋಗುವುದರಲ್ಲಿತ್ತು. ಸ್ವಲ್ಪದರಲ್ಲಿ ತಪ್ಪಿತು. ಆ ಗಲಾಟೆಯಿಂದ ಮಾನ್ವಿಯ ನಮ್ಮ ಅಂಗಡಿಯೇ ನೆಲಕ್ಕುರುಳುವುದರಲ್ಲಿತ್ತು. ಅದೂ ತಪ್ಪಿತು. ನಾಲ್ಕು ತಿಂಗಳಿಂದ ಎದೆಯೊಳಗೆ ಕಟ್ಟಿಕೊಂಡಿದ್ದ ಉಸಿರನ್ನು ಈ ವಾರ ಹೊರಗೆ ಬಿಟ್ಟಿದ್ದೇನೆ. ಅದಕ್ಕೇ ಈ ಸಲದ ಹಾಳೆಗಳು ಜಾಸ್ತಿ.

(ಅಜ್ಜಿ ಬಾಯಿಂದ ನಾಲ್ಕು ಮಾತಾಡೋದಿಲ್ಲ, ಪೆನ್ನು ಕೊಟ್ಟರೆ ನಿಲ್ಲಿಸೋದಿಲ್ಲ ಎಂದು ನಿಮ್ಮ ಅವ್ವ ನಗುತ್ತಾಳೆ. ನಗಲಿ. ಮಲ್ಲಟದ ಸಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ. ಬಳಸದಿದ್ದರೆ ತುಕ್ಕು ಹಿಡಿಯುತ್ತದೆ.)

ರಜೆಗೆ ಬಂದಾಗ ನೀವು ಬಟ್ಟೆಯ ಥಾನುಗಳ ಹಿಂದೆ ಅಡಗಿ ಆಡುತ್ತೀರಲ್ಲ, ಅದೇ ಅಂಗಡಿ. ಮುಂದೆ ಜವಳಿ ಅಂಗಡಿ. ನಡುವೆ ಕತ್ತಲೆಯ ಪಡಸಾಲೆ. ಹಿಂದೆ ನಾನಿರುವ ಎರಡು ಕೋಣೆಯ ಮನೆ, ಆಮೇಲೆ ಹಿತ್ತಲು. ಕಲ್ಲಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಮಾಳಿಗೆ. ನನ್ನ ಮಾವನವರು ನಿಜಾಮನ ಕಾಲದಲ್ಲಿ ಕಟ್ಟಿಸಿದ್ದು. ಬಜಾರಿನ ಕಡೆಗೆ ಎದೆಮಟ್ಟದ ಕಟ್ಟೆ. ಆಗ ಬಟ್ಟೆಯ ಗಂಟುಗಳು ಎತ್ತಿನ ಗಾಡಿಯಲ್ಲಿ ಬರುತ್ತಿದ್ದವು. ಗಾಡಿ ಒತ್ತಿ ನಿಲ್ಲಿಸಿದರೆ ಗಂಟು ಉರುಳಿಸಿದಲ್ಲೇ ಅಂಗಡಿ. ಗಂಟಿಗೆ ಅನುಕೂಲವಾಗಿ ಕಟ್ಟಿದ ಕಟ್ಟೆ ಅದು. ಹೆಂಗಸರಿಗೆ ಅನುಕೂಲವೇ ಎಂದು ಯಾರು ಕೇಳಬೇಕಿತ್ತು?

ಮೊದಲು ಕರಿ ಸೀರೆಯ ವಿಷಯ.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಅಂಗಡಿ ಕಡೆಯಿಂದ ಹೆಂಗಸಿನ ಧ್ವನಿ ಕೇಳಿತು. ನಮ್ಮ ಅಂಗಡಿಯಲ್ಲಿ ಹೆಂಗಸಿನ ಧ್ವನಿ! ತುತ್ತು ಕೈಯಲ್ಲೇ ನಿಂತಿತು. ಎದ್ದು ಪಡಸಾಲೆಯ ಪರದೆ ಹಿಂದೆ ಹೋಗಿ ನಿಂತೆ.

"ಏ ಸಂಗಪ್ಪಾ, ಇದು ಯಾವ ಬಣ್ಣಲೇ? ಕಣ್ಣು ತಗದು ನೋಡಿ ಹೇಳು!"

ಸಂಗಪ್ಪ ನಮ್ಮ ಗುಮಾಸ್ತ. ನಿಮ್ಮ ತಾತ ಹೋದ ಮೇಲೆ ಈ ಹತ್ತು ವರ್ಷ ಗಾದಿಯ ಮೇಲೆ ಕೂತು ವ್ಯಾಪಾರ ನೋಡಿಕೊಳ್ಳುತ್ತಿರುವವನು ಅವನೇ.

"ಹಸರು, ಯವ್ವಾ. ಬಾಟ್ಲಿ ಹಸರು," ಎಂದ.

"ಬಾ ಇಲ್ಲಿ. ಬಿಸಿಲಿಗೆ ಬಾ. ಈಗ ಹೇಳು."

ಸಂಗಪ್ಪ ಸೀರೆಯ ಮಡಿಕೆ ಬಿಚ್ಚಿ ತಿರುವಿ ನೋಡತೊಡಗಿದ.

"ಯಾಕ, ನಾಲಿಗಿ ಬಿದ್ದೋತೇನು?"

"ಕರ್ರಗ ಅದ, ಯವ್ವಾ."

"ನಾಳಿ ಅರಿಷಿಣ, ನಾಡದು ಅಕ್ಕಿಕಾಳು. ನನ್ನ ಮೊಮ್ಮಗಳಿಗೆ ಕರಿ ಸೀರಿ ಉಡಿಸಿ ಕುಂಡ್ರಸ್ಲೇನು? ಮಲ್ಲಟದ ಮಂದಿಗೆ ಕಣ್ಣಿಲ್ಲಂತ ತಿಳದೀರೇನು?"

ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಗಂಡಸರೆಲ್ಲ ಹೋ ಎಂದು ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮಲ್ಲಟ ನನ್ನ ತವರೂರು. ಬೈಯುತ್ತಿದ್ದವಳು ಗಂಗವ್ವ, ನಮ್ಮ ತವರುಮನೆಯ ಎದುರು ಮನೆಯವಳು.

ಮೋಸ ಮಾಡಿದ್ದೆವಾ? ಇಲ್ಲ. ಸೀರೆ ಕೊಂಡವನು ಗಂಗವ್ವನ ಮಗ. ಆವತ್ತು ಕರೆಂಟ್ ಇರಲಿಲ್ಲ. ಇದ್ದರೂ ನಮ್ಮ ಅಂಗಡಿಗೆ ಒಂದೇ ಹಳದಿ ಬಲ್ಬು. ಅದರ ಬೆಳಕಿನಲ್ಲಿ ಬಾಟ್ಲಿ ಹಸಿರು, ಕಡು ನೀಲಿ, ಕರಿ ಮೂರೂ ಒಂದೇ ತಾಯಿಯ ಮಕ್ಕಳು. ಕಟ್ಟೆಗೆ ತಂದು ಬಿಸಿಲಿಗೆ ಹಿಡಿದು ತೋರಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಕಟ್ಟೆ ತುಂಬ ಜನ, ಗಿರಾಕಿಗೆ ಬಸ್ಸಿನ ಅವಸರ. ಸಂಗಪ್ಪ ಹಸಿರು ಎಂದ, ಇವನು ಹೂಂ ಎಂದ. ಕೊಡುವವನೂ ಗಂಡಸು, ಕೊಳ್ಳುವವನೂ ಗಂಡಸು. ಉಡುವವಳು ಮಲ್ಲಟದಲ್ಲಿ.

ನಾನು ಮೂರು ಹಸಿರು ಸೀರೆ ಹಿತ್ತಲಿಗೆ ಒಯ್ದು ಬಿಸಿಲಲ್ಲಿ ಹಿಡಿದು ನೋಡಿ, ಪರದೆ ಸಂದಿಯಿಂದ ಸಂಗಪ್ಪನ ಕೈಗೆ ದೂಡಿದೆ. ಗಂಗವ್ವ ಒಂದನ್ನು ಆರಿಸಿಕೊಂಡಳು. ಹೋಗುವಾಗ ಪರದೆಯ ಕಡೆ ತಿರುಗಿ ಒಂದು ಮಾತು ಬಿಟ್ಟು ಹೋದಳು.

"ಶಾಂತವ್ವಾ, ನೀ ಹಿಂದ ನಿಂತೀ ಅಂತ ಗೊತ್ತದ ನನಗ. ಈ ಮೂಳ ಮಗನ ಬದಲಿ ನೀ ಕೊಟ್ಟಿದ್ದರ ಹಿಂಗ ಆಗ್ತಿದ್ದಿಲ್ಲ."

ನಾನು ಹೇಗೆ ಕೊಡಲಿ? ಗಂಡನಿಲ್ಲದವಳು ಮದುವೆಯ ಜವಳಿ ಮುಟ್ಟಬಾರದು ಎಂದು ನಾನೇ ಹಿಂದೆ ಸರಿದಿದ್ದೆ. ಅದಿರಲಿ, ಗಂಡ ಇದ್ದಾಗಲೂ ನಾನು ಆ ಗಾದಿಯ ಹತ್ತಿರ ಹೋದವಳಲ್ಲ.

ಆದರೆ ಮಕ್ಕಳೇ, ನಿಮಗೊಂದು ಗುಟ್ಟು ಹೇಳಲಾ? ವ್ಯಾಪಾರ ಮಾತ್ರ ನಾನು ಮೂವತ್ತು ವರ್ಷದಿಂದ ಮಾಡುತ್ತಿದ್ದೇನೆ. ಹಿತ್ತಲ ಬಾಗಿಲಲ್ಲಿ.

ಮಲ್ಲಟದಿಂದ, ಸಿರವಾರದಿಂದ ಬರುವ ಹೆಂಗಸರು ಮುಂದಿನ ಕಟ್ಟೆ ಏರುತ್ತಿರಲಿಲ್ಲ. ಹೇಗೆ ಏರುತ್ತಾರೆ? ನಟ್ಟನಡುವೆ ಇಕ್ಕಟ್ಟಾದ ನಾಲ್ಕು ಮೆಟ್ಟಿಲು. ಎರಡೂ ಕಡೆ ಸಾಲಾಗಿ ಗಂಡಸರು. ಸೀರೆ ಎತ್ತಿ ಹಿಡಿದುಕೊಂಡು ಅವರ ನಡುವೆ ಹತ್ತಬೇಕು. ಹತ್ತಿದ ಮೇಲೆ ಬಿಳಿ ಗಾದಿಯ ಮೇಲೆ ಕೂತ ಗಂಡಸಿಗೆ ಕುಪ್ಪಸದ ಖಣ ತೋರಿಸು ಎನ್ನಬೇಕು. ಅದಕ್ಕಿಂತ ಹರಕು ಕುಪ್ಪಸವೇ ಮೇಲು ಎಂದು ಹೋಗಿಬಿಡುತ್ತಿದ್ದರು. ಧೈರ್ಯ ಇದ್ದವರು ಮಾತ್ರ ಓಣಿ ಸುತ್ತಿ ಹಿತ್ತಲಿಗೆ ಬಂದು ಮೆಲ್ಲಗೆ ಬಾಗಿಲು ಬಡಿಯುತ್ತಿದ್ದರು. "ಯಕ್ಕಾ, ಒಳಗಿನಿಂದ ನಾಕು ಖಣ ತಂದು ತೋರ್ಸು." ನಾನು ತರುತ್ತಿದ್ದೆ. ಹಿತ್ತಲ ಬಿಸಿಲಲ್ಲಿ ಹರವುತ್ತಿದ್ದೆ. ಆ ಬಾಗಿಲಲ್ಲಿ ಒಂದು ದಿನವೂ ಬಣ್ಣ ತಪ್ಪಲಿಲ್ಲ.

ಅವರ ನಾಚಿಕೆ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನೂ ಅಂಥವಳೇ ಅಲ್ಲವೇ?

ಕರಿ ಸೀರೆಯ ಸುದ್ದಿ ಬಸ್ಸು ಹತ್ತಿ ದೇವದುರ್ಗಕ್ಕೆ ಹೋಯಿತು. ಎಂಟನೇ ದಿನಕ್ಕೆ ಭಾವ ಬಂದರು. ಭಾವ ಅಂದರೆ ನಿಮ್ಮ ದೇವದುರ್ಗದ ದೊಡ್ಡತಾತ, ನಿಮ್ಮ ತಾತನ ಅಣ್ಣ. ಕಟ್ಟಡ ಅವರ ಹೆಸರಿನಲ್ಲಿದೆ. ಜೊತೆಗೆ ರಾಯಚೂರಿನ ಒಬ್ಬ ಎಳೆಯ ಇಂಜಿನಿಯರ್, ಕಂಕುಳಲ್ಲಿ ಸುರುಳಿ ಸುತ್ತಿದ ಪ್ಲಾನು. ನಮ್ಮ ಹಳೆಯ ಗೌಂಡಿ ಹುಸೇನ್ ಮೇಸ್ತ್ರಿಯನ್ನೂ ಕರೆಸಿದ್ದರು. ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹಾಕಿ ಸೋರದಂತೆ ನೋಡಿಕೊಳ್ಳುವವನು ಅವನೇ.

ಇಂಜಿನಿಯರ್ ಬೂಟು ಬಿಚ್ಚದೆ ಗಾದಿಯ ಅಂಚಿನಲ್ಲಿ ನಿಂತು ಪ್ಲಾನು ಬಿಚ್ಚಿದ. ಇಷ್ಟೂ ಕೆಡವುವುದು. ಆರ್‌ಸಿಸಿ ಹಾಕುವುದು. ಮೂರು ಮಳಿಗೆ, ಮೂರು ಶಟರ್. ಮೂರೂ ಬಾಡಿಗೆಗೆ.

"ಮತ್ತ ಹಿಂದಿನ ಮನಿ?" ಎಂದು ಮೇಸ್ತ್ರಿ ಕೇಳಿದ.

"ಅದು ಗೋಡೌನ್ ಆಗ್ತದ."

ಪರದೆಯ ಹಿಂದೆ ನಿಂತಿದ್ದ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಭಾವ ಕೆಟ್ಟವರಲ್ಲ. ಹಾಗೆ ತಿಳಿಯಬೇಡಿ. ಮೇಸ್ತ್ರಿಯ ಕಡೆ ನೋಡುತ್ತ ನನಗೆ ಕೇಳುವಂತೆ ಹೇಳಿದರು: "ಸಣ್ಣಾಕಿಗೆ ಹೇಳಪಾ, ಇನ್ನ ಈ ಜಂಜಾಟ ಸಾಕು. ದೇವದುರ್ಗಕ್ಕ ಬಂದು ಆರಾಮ ಇರಲಿ. ಆಕಿಯ ಎರಡು ರೊಟ್ಟಿ ನಮಗೇನು ಭಾರಲ್ಲ."

ಎಷ್ಟು ಪ್ರೀತಿಯ ಮಾತು! ಆದರೆ ಹಿತ್ತಲ ಬಾಗಿಲು ಹೋದರೆ ನಾನು ಯಾರು? ಮಾನ್ವಿಯಲ್ಲಿ ನಾನು ಖಣದ ಶಾಂತವ್ವ. ನೂರು ಹೆಂಗಸರಿಗೆ ಬೇಕಾದವಳು. ದೇವದುರ್ಗದಲ್ಲಿ? ಅಡುಗೆಮನೆಯ ಮೂಲೆಯಲ್ಲಿ ಎರಡು ರೊಟ್ಟಿ ತಿನ್ನುವ ಮುದುಕಿ.

ಬೇಡ ಎಂದು ಹೇಳಬೇಕಿತ್ತು. ಆದರೆ ಹೇಗೆ? ನಮ್ಮ ಮನೆತನದಲ್ಲಿ ಸೊಸೆಯಾದವಳು ಗಂಡನ ಅಣ್ಣನ ಜೊತೆ ಮಾತಾಡುವಂತಿಲ್ಲ. ಎದುರು ನಿಲ್ಲುವಂತಿಲ್ಲ. ಮದುವೆಯಾಗಿ ಮೂವತ್ತಾರು ವರ್ಷ, ಭಾವನಿಗೆ ನಾನು ಒಂದು ಅಕ್ಷರ ನೇರವಾಗಿ ಆಡಿದವಳಲ್ಲ. ಅವರೂ ಅಷ್ಟೇ. ಏನೇ ಇದ್ದರೂ ನಡುವೆ ಒಬ್ಬರು ಬೇಕು. ಯಾರೂ ಸಿಗದಿದ್ದರೆ ಕಂಬಕ್ಕೆ ಹೇಳಬೇಕು. (ನಗಬೇಡಿ. ಅವರು ಊಟಕ್ಕೆ ಬಂದಾಗ "ರೊಟ್ಟಿ ಬೇಕೇನು ಕೇಳು" ಎಂದು ನಾನು ಎಷ್ಟೋ ಸಲ ಕಂಬಕ್ಕೆ ಹೇಳಿದ್ದೇನೆ.)

ಆವತ್ತು ಕಂಬದ ಜಾಗದಲ್ಲಿ ಹುಸೇನ್ ಮೇಸ್ತ್ರಿ ಸಿಕ್ಕ.

"ಮೇಸ್ತ್ರಿ," ಎಂದೆ ಪರದೆ ಹಿಂದಿನಿಂದ. "ಗ್ವಾಡಿ ಗಟ್ಟಿ ಅದಾವಲ್ಲ? ಯಾಕ ಕೆಡವಬೇಕಂತ ಕೇಳ್ರಿ."

"ಸಾವ್ಕಾರ್ರೆ, ಗ್ವಾಡಿ ಗಟ್ಟಿ ಅದಾವಂತ. ಯಾಕ ಕೆಡವಬೇಕಂತ ಕೇಳಾಕತ್ತಾರ ಅಮ್ಮಾರು."

"ಅಂಗಡಿ ಕತ್ತಲಿ ಅದಂತ ಹೇಳು. ಗಿರಾಕಿ ಬರವಲ್ಲರಂತ ಹೇಳು. ಎದುರಿಗೆ ಹೊಸಾ ಅಂಗಡಿಯವರು ಗಾಜಿನ ಶೋಕೇಸ್ ಹಾಕ್ಯಾರಂತ ಹೇಳು."

"ಅಮ್ಮಾ, ಕತ್ತಲಿ ಅದಂತ..."

"ಕೇಳಿಸ್ತು ಮೇಸ್ತ್ರಿ. ಬೆಳಕು ಬೇಕಂದ್ರ ಮನಿ ಕೆಡವಬೇಕೇನಂತ ಕೇಳ್ರಿ. ಗಿರಾಕಿ ಬರವಲ್ಲರು ಅಂತೀರಿ. ಬರ್ತಾರ. ಹಿತ್ತಲಿಗೆ ಬರ್ತಾರ. ಅವರಿಗೆ ದಾರಿ ಮಾಡಿಕೊಟ್ರ ಸಾಕಂತ ಹೇಳ್ರಿ."

ಮೇಸ್ತ್ರಿ ಒಮ್ಮೆ ಪರದೆ ಕಡೆ, ಒಮ್ಮೆ ಗಾದಿ ಕಡೆ ತಿರುಗಿ ತಿರುಗಿ ಸುಸ್ತಾದ. "ಅರೆ, ನಾ ಗೌಂಡಿ ಅದೀನೋ, ಟಪಾಲ್ ಡಬ್ಬಿ ಅದೀನೋ!" ಎಂದ. ಸಂಗಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡ.

ಆದರೂ ಮೇಸ್ತ್ರಿ ಜಾಣ. ಸುಮ್ಮನೆ ಮಾತು ಸಾಗಿಸುವುದು ಬಿಟ್ಟು ಪಡಸಾಲೆಗೆ ಬಂದು ತಲೆ ಎತ್ತಿ ನೋಡಿದ. ಏಣಿ ತರಿಸಿ ಮಾಳಿಗೆ ಹತ್ತಿದ. ಮೇಲೆ ಠಕ್ ಠಕ್ ಎಂದು ಬಡಿದ ಸದ್ದು ಕೇಳಿತು. ಇಳಿದು ಬಂದವನ ಮುಖದ ತುಂಬ ಮಣ್ಣು, ನಗು.

"ಸಾವ್ಕಾರ್ರೆ, ಪಡಸಾಲಿ ಮ್ಯಾಲ ದೊಡ್ಡ ಬೆಳಕಿಂಡಿ ಅದ. ಅದರ ಮ್ಯಾಲ ಪರ್ಸಿ ಕಲ್ಲು ಹೊಚ್ಚಿ ಮಣ್ಣು ಹಾಕ್ಯಾರ. ಅದನ್ನ ತಗದು ಗಾಜು ಕೂಡಿಸಿದ್ರ ಪಡಸಾಲಿ ಅಂಗಳದಂಗ ಆಗ್ತದ."

ಭಾವ ಗಾದಿಯಿಂದ ಎದ್ದೇಬಿಟ್ಟರು. "ನಮ್ಮಪ್ಪ ಇಟ್ಟ ಕಿಂಡಿ ಅದು! ಸಣ್ಣಾವಿದ್ದಾಗ ಅದರ ಬೆಳಕಿನ್ಯಾಗ ನಾ ಓದೀನಿ. ಯಾವ ತಿಳಿಗೇಡಿ ಮುಚ್ಚಿದಾ ಅದನ್ನ? ತಮ್ಮನ ಕೆಲಸ ಇದು. ಅವಗ ವ್ಯಾಪಾರದ್ದು ಒಂದೂ ತಿಳೀತಿದ್ದಿಲ್ಲ. ಅಂಗಡಿ ಕತ್ತಲಿ ಮಾಡಿಟ್ಟು ಹೋದಾ!"

ಮಕ್ಕಳೇ, ನಿಮ್ಮ ತಾತ ತಿಳಿಗೇಡಿ ಆಗಿರಲಿಲ್ಲ.

ಕಿಂಡಿ ಮುಚ್ಚಿಸಿದವಳು ನಾನು. ಮದುವೆಯಾಗಿ ಬಂದ ಹೊಸತು. ಪಡಸಾಲೆಯಲ್ಲಿ ಕೂತು ಖಣ ಮಡಿಸುವುದು ನನ್ನ ಕೆಲಸ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಗಿಸುವ ಗಂಡಸರು ಓಡಾಡುತ್ತಿದ್ದರು. ಯಾರಾದರೂ ಬಗ್ಗಿ ನೋಡಿಯಾರು ಎಂದು ನನಗೆ ದಿನವಿಡೀ ಹೆದರಿಕೆ. ನಿಜವಾಗಿ ಯಾರೂ ನೋಡಿರಲಿಲ್ಲ. ಆದರೂ ಅತ್ತು ಕರೆದು ಹಟ ಮಾಡಿದೆ. ಅವರು ನಕ್ಕರು, ಪರ್ಸಿ ಕಲ್ಲು ತರಿಸಿದರು. ಅಂಗಡಿ ಕತ್ತಲಾಗುತ್ತದೆ ಎಂದು ಒಂದು ಸಲವೂ ಅನ್ನಲಿಲ್ಲ. ನನ್ನ ನಾಚಿಕೆಗಾಗಿ ಅವರು ಅಂಗಡಿಯ ಬೆಳಕನ್ನೇ ಕೊಟ್ಟುಬಿಟ್ಟಿದ್ದರು. ಆಮೇಲೆ ನಾವಿಬ್ಬರೂ ಆ ಕಿಂಡಿಯನ್ನು ಮರೆತೇಬಿಟ್ಟೆವು.

"ಮೇಸ್ತ್ರಿ," ಎಂದೆ, "ಕಿಂಡಿ ಮುಚ್ಚಿಸಿದಾಕಿ ನಾನಂತ ಹೇಳ್ರಿ."

ಮೇಸ್ತ್ರಿ ತಲೆ ಅಲ್ಲಾಡಿಸಿದ. "ಇದು ಮಾತ್ರ ನನ್ನ ಬಾಯಿಲೆ ಬ್ಯಾಡಮ್ಮಾ," ಎಂದ. "ನೀವ ಹೇಳ್ರಿ."

ಆ ಕ್ಷಣ ನನಗೆ ಮನೆ ಹೋದೀತೆಂಬ ಹೆದರಿಕೆ ಕೂಡ ನೆನಪಿರಲಿಲ್ಲ. ಸತ್ತವರ ಮೇಲೆ ನನ್ನ ತಪ್ಪು ಕೂತಿದೆಯಲ್ಲ, ಅದಷ್ಟೇ. ಸೆರಗು ಹಣೆಯವರೆಗೆ ಎಳೆದುಕೊಂಡೆ. ಪರದೆ ಸರಿಸಿದೆ. ಮೂವತ್ತಾರು ವರ್ಷದ ಮೇಲೆ ಮೊದಲ ಸಲ ಭಾವನ ಎದುರು ನಿಂತೆ.

"ಭಾವಾ, ಅವರನ್ನ ಬೈಬ್ಯಾಡ್ರಿ. ಹಟ ಮಾಡಿ ಮುಚ್ಚಿಸಿದಾಕಿ ನಾನು. ನಾಚಿಗಿಗೆ. ಈಗ ತಗಸಾಕಿನೂ ನಾನು. ಒಂದು ಮದಿವಿ ಸೀಸನ್ ನನಗ ಬಿಡ್ರಿ. ಆಗಲೂ ಗಿರಾಕಿ ಬರಲಿಲ್ಲಂದ್ರ ಕೆಡವ್ರಿ. ನಾ ಗಂಟು ಕಟ್ಟಿಕೊಂಡು ದೇವದುರ್ಗಕ್ಕ ಬರ್ತೀನಿ."

ಭಾವ ಏನು ಮಾಡಿದರು ಗೊತ್ತೇ? ಗಾಬರಿಯಾಗಿ ಸರ್ರನೆ ಗೋಡೆ ಕಡೆ ತಿರುಗಿಬಿಟ್ಟರು! ನನ್ನ ಮಾನ ಉಳಿಸಲೋ ತಮ್ಮದನ್ನೋ, ದೇವರಿಗೇ ಗೊತ್ತು. ಗೋಡೆಗೆ ಹೇಳಿದರು:

"ಆಗ್ಲಿ. ಮದಿವಿ ಮುಹೂರ್ತ ಮುಗಿಯೂತನ. ಆಮ್ಯಾಲ ನೋಡೋಣು."

ಇಂಜಿನಿಯರ್ ಪ್ಲಾನು ಸುತ್ತಿ ಭಾವನ ಕೈಗೆ ಕೊಟ್ಟು ಹೋದ.

ಕೆಲಸ ಎಷ್ಟು ದಿನ ಹಿಡಿಯಿತು ಎಂದುಕೊಂಡಿರಿ? ಹನ್ನೊಂದು ದಿನ. ಮೇಸ್ತ್ರಿ ಕಿಂಡಿಯ ಕಲ್ಲು ಎತ್ತಿಸಿದ. ಸುತ್ತ ಒಂದು ಗೇಣು ಕಟ್ಟೆ ಎಬ್ಬಿಸಿ, ನೀರು ನಿಲ್ಲದಂತೆ ಇಳಿಜಾರಾಗಿ ದಪ್ಪ ಗಾಜು ಕೂಡಿಸಿದ. (ಹೊರಗಿನಿಂದ ಬಗ್ಗಿದವರಿಗೆ ಕಾಣದಂಥ ಮಂಜು ಗಾಜು. ನನ್ನ ಹೆದರಿಕೆ ಪೂರ್ತಿ ಹೋಗಿಲ್ಲ ನೋಡಿ.) ಪಡಸಾಲೆಗೆ ಓಣಿ ಕಡೆ ಸದಾ ಮುಚ್ಚಿರುವ ಒಂದು ಕಿಟಕಿ ಇತ್ತಲ್ಲ, ಅದರ ಕೆಳಗಿನ ಗೋಡೆಯನ್ನಷ್ಟೇ ತೆಗೆದ. ಕಿಟಕಿ ಬಾಗಿಲಾಯಿತು! "ಮ್ಯಾಲಿನ ಹಾಸುಗಲ್ಲು ಮೊದಲ ಕುಂತದ, ಭಾರ ಹೊತ್ತದ. ನಾವು ಅದನ್ನ ಮುಟ್ಟೂದ ಬ್ಯಾಡ. ಕೆಳಗಿಂದಷ್ಟ ತಗದ್ರ ಗ್ವಾಡಿಗೆ ಗೊತ್ತ ಆಗೂದಿಲ್ಲ," ಎಂದು ಮೇಸ್ತ್ರಿ ಹೇಳಿದ. ತೆಗೆದ ಕಲ್ಲಿನಲ್ಲೇ ಓಣಿಗೆ ಮೂರು ಅಗಲ ಮೆಟ್ಟಿಲಾದವು. ಒಳಗೆ ಸುಣ್ಣ. ಗೋಡೆಗುಂಟ ಒಂದು ಹಲಗೆಯ ಬೆಂಚು, ಮಗು ಎತ್ತಿಕೊಂಡು ಬಂದವರು ಕೂರಲಿಕ್ಕೆ.

ಮುಂದಿನ ಕಟ್ಟೆ ಮುಟ್ಟಲಿಲ್ಲ. ಬೀಡಿ ಮಂದಿ ಎಲ್ಲಿಗೆ ಹೋಗಬೇಕು ಪಾಪ?

ಮೊದಲ ದಿನ ಸೂರ್ಯ ನೆತ್ತಿಗೆ ಬಂದಾಗ ಬೆಳಕು ಗಾಜಿನಿಂದ ಇಳಿದು ಪಡಸಾಲೆಯ ನೆಲದ ಮೇಲೆ ಚೌಕಾಗಿ ಬಿತ್ತು. ಖಣಗಳನ್ನು ತಂದು ಅಲ್ಲಿ ಹರವಿದೆ. ಕೆಂಪು ಕೆಂಪಾಗಿತ್ತು. ಹಸಿರು ಹಸಿರಾಗಿತ್ತು. ನಾನೊಬ್ಬಳೇ ಸುಮಾರು ಹೊತ್ತು ನೋಡುತ್ತ ಕೂತೆ. ಕಣ್ಣಲ್ಲಿ ನೀರು ಬಂದದ್ದು ಸುಣ್ಣದ ಧೂಳಿಗೆ ಎಂದು ಸಂಗಪ್ಪನಿಗೆ ಹೇಳಿದೆ.

ಆಮೇಲೆ? ಗಿರಾಕಿಗಳು ಮುಗಿಬಿದ್ದರೇ?

ಒಬ್ಬರೂ ಬರಲಿಲ್ಲ.

ಒಂದು ವಾರ ಕಳೆಯಿತು. ಹತ್ತು ದಿನವಾಯಿತು. ಹೆಂಗಸರು ಓಣಿಯಲ್ಲಿ ಬರುತ್ತಾರೆ, ಹೊಸ ಬಾಗಿಲು ನೋಡುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಮುಂದೆ ಹೋಗಿ ಹಳೆಯ ಹಿತ್ತಲ ಬಾಗಿಲನ್ನೇ ಬಡಿಯುತ್ತಾರೆ! ಸೀಸನ್ ಓಡುತ್ತಿತ್ತು. ಬೋರ್ಡ್ ಬರೆಸೋಣ ಎಂದ ಸಂಗಪ್ಪ. ಓದುವವರು ಯಾರು? ಮೈಕ್ ಹಚ್ಚಿಸೋಣ ಎಂದ. ನನ್ನಂಥವಳು ಮೈಕ್ ಕೇಳಿದರೆ ಆ ಓಣಿಗೇ ಕಾಲಿಡುವುದಿಲ್ಲ.

ಹಾಗಾದರೆ ನನ್ನಂಥವಳು ಯಾವಾಗ ಕಾಲಿಡುತ್ತಾಳೆ? ರೊಟ್ಟಿ ಬಡಿಯುತ್ತ ಅದನ್ನೇ ಯೋಚಿಸಿದೆ. ಯಾರದಾದರೂ ಮನೆಗೆ ಹೋದಾಗ ನಾನು ಮೊದಲು ನೋಡುವುದು ಏನನ್ನು? ಬಾಗಿಲ ಮುಂದಿನ ಚಪ್ಪಲಿಗಳನ್ನು. ಗಂಡಸರ ಮೆಟ್ಟು ಇದ್ದರೆ ಹಿಂದಕ್ಕೆ ತಿರುಗುತ್ತೇನೆ. ಹೆಂಗಸರ ಚಪ್ಪಲಿ ಇದ್ದರೆ ಹೊಸ್ತಿಲು ದಾಟುತ್ತೇನೆ. ನಮ್ಮ ಹೊಸ ಬಾಗಿಲ ಮುಂದೆ ಏನಿತ್ತು? ಮೂರು ತೊಳೆದ ಮೆಟ್ಟಿಲು. ಬೇರೇನೂ ಇಲ್ಲ.

ಮರುದಿನ ಬೆಳಿಗ್ಗೆ ನನ್ನ ಚಪ್ಪಲಿ ಇಟ್ಟೆ. ಅಟ್ಟದಲ್ಲಿದ್ದ ನಿಮ್ಮ ಅವ್ವನ ಹಳೆಯ ಜೋಡು ಒರೆಸಿ ಇಟ್ಟೆ. ಸಂಗಪ್ಪನ ಹೆಂಡತಿಯ ಹತ್ತಿರ ಎರಡು ಜೊತೆ ಬೇಡಿ ತಂದು ಇಟ್ಟೆ. ಒಂದು ನೆಟ್ಟಗೆ, ಒಂದು ಸೊಟ್ಟಗೆ, ಅವಸರದಲ್ಲಿ ಬಿಟ್ಟು ಒಳಗೆ ಹೋದ ಹಾಗೆ. ನಾಲ್ಕು ಹೆಂಗಸರು ಒಳಗಿದ್ದಾರೆ ಎನ್ನಬೇಕು ನೋಡಿದವರು. (ಇದು ಸುಳ್ಳೇ? ಇರಬಹುದು. ಸುಳ್ಳು ಹೇಳಿದ್ದು ನಾನಲ್ಲ, ಚಪ್ಪಲಿ.)

ಮಧ್ಯಾಹ್ನದೊಳಗೆ ಸಿರವಾರದ ಇಬ್ಬರು ಹೆಂಗಸರು ಮೆಟ್ಟಿಲ ಬುಡದಲ್ಲಿ ನಿಂತರು.

"ಮಂದಿ ಅದಾರ ನಡಿ," ಎಂದಳು ಒಬ್ಬಳು.

ಒಳಗೆ ಬಂದರು. ಯಾರೂ ಇಲ್ಲ, ನಾನೊಬ್ಬಳೇ! ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಬೆಳಕಲ್ಲಿ ಹರವಿದ ಖಣಗಳ ಮೇಲೆ ಕಣ್ಣು ಬಿತ್ತು. ಕೂತರು. ನೀರು ಕುಡಿದರು. ಒಂದು ತಾಸು ಕೂತರು. ಹೊರಗೆ ಈಗ ಆರು ಜೊತೆ ಚಪ್ಪಲಿ. ಆರು ನೋಡಿ ಇನ್ನೂ ಮೂವರು ಬಂದರು.

ವಾರ ಕಳೆಯುವುದರೊಳಗೆ ನನ್ನ ಚಪ್ಪಲಿಗೇ ಮೆಟ್ಟಿಲ ಮೇಲೆ ಜಾಗ ಇಲ್ಲ.

ಅವರ ಮಾತುಗಳನ್ನು ನೀವು ಕೇಳಬೇಕಿತ್ತು! "ಏ, ಈ ಗುಲಾಬಿ ನಿನ್ನ ಮೈಬಣ್ಣಕ್ಕ ಒಪ್ಪೂದಿಲ್ಲ ಬಿಡು." "ನನ್ನ ಗಂಡನ ಮಾರಿಗಿಂತ ಚಲೋ ಅದ, ತಗೋತೀನಿ." ಬಟ್ಟೆ ಕೊಂಡದ್ದಕ್ಕಿಂತ ನಕ್ಕದ್ದೇ ಹೆಚ್ಚು. ಮುಂದಿನ ಗಾದಿಯಲ್ಲಿ ಸಂಗಪ್ಪ ಧೋತರ, ಟವೆಲ್ ಮಾರುತ್ತಿದ್ದಾನೆ. ಹಿಂದೆ ಪಡಸಾಲೆಯಲ್ಲಿ ಖಣ, ಸೀರೆ ನನ್ನದು. ಯಾವ ಹೆಂಗಸೂ ನನ್ನ ಹಣೆ ನೋಡಿ ಮುಖ ತಿರುಗಿಸಲಿಲ್ಲ. ಅವರು ಬಟ್ಟೆ ನೋಡುತ್ತಿದ್ದರು. ಇಷ್ಟು ವರ್ಷ ನಾನೇ ನನ್ನ ಹಣೆ ನೋಡಿಕೊಂಡು ಕೂತಿದ್ದೆನೇನೋ.

ಮುಹೂರ್ತಗಳು ಮುಗಿದವು. ಕಳೆದ ಮಂಗಳವಾರ ಭಾವ ದೇವದುರ್ಗದಿಂದ ಬಂದರು. ಕೈಯಲ್ಲಿ ಅದೇ ಪ್ಲಾನಿನ ಸುರುಳಿ. ಜೊತೆಗೆ ಅಕ್ಕ, ಅಂದರೆ ಭಾವನ ಹೆಂಡತಿ, ನಿಮ್ಮ ದೊಡ್ಡಜ್ಜಿ. ನನ್ನ ಗಂಟುಮೂಟೆ ಕಟ್ಟಲು ನೆರವಿಗೆಂದೇ ಅಕ್ಕನನ್ನು ಕರೆತಂದಿದ್ದಾರೆ ಎಂದುಕೊಂಡೆ.

ಭಾವ ಕಟ್ಟೆಯ ಮೇಲೆ ಕೂತರು. ಅಕ್ಕ ಎಂದಿನಂತೆ ಓಣಿಯಿಂದ ಹಿತ್ತಲ ಕಡೆ ಹೊರಟವಳು ಚಪ್ಪಲಿಗಳ ರಾಶಿ ನೋಡಿ ನಿಂತಳು. ತನ್ನದನ್ನೂ ಬಿಟ್ಟಳು. ಒಳಗೆ ಬಂದಳು.

ಜವಳಿ ಮನೆತನದ ಹಿರಿಯ ಸೊಸೆ ಅವಳು. ಮದುವೆಯಾಗಿ ನಲವತ್ತು ವರ್ಷದ ಮೇಲೆ ತನ್ನ ಮಾವನ ಅಂಗಡಿಯೊಳಗೆ ಆವತ್ತು ಮೊದಲ ಸಲ ಕೂತಳು. ಮಲ್ಲಟದವರ ನಡುವೆ, ಬೆಂಚಿನ ಮೇಲೆ.

"ಶಾಂತಾ, ಆ ಬದನೀಕಾಯಿ ಬಣ್ಣದ್ದು ತಗಿ," ಎಂದಳು.

ತೆಗೆದುಕೊಟ್ಟೆ. ಬೆಳಕಿಗೆ ಹಿಡಿದಳು. ಮಡಿಕೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಸೆರಗು ತಿರುವಿ ನೋಡಿದಳು. ಅವಸರವಿಲ್ಲ. ಆಮೇಲೆ ಹಾಗೆಯೇ ಎದ್ದು, ಪರದೆ ಸರಿಸಿ, ಮುಂದಿನ ಅಂಗಡಿ ದಾಟಿ, ಕಟ್ಟೆಯ ಬಾಗಿಲಿಗೆ ಹೋಗಿ ನಿಂತಳು.

"ನೋಡ್ರಿ. ಇದನ್ನ ತಗೋತೀನಿ."

ಭಾವ ತಿರುಗಿ ನೋಡಿದರು. "ಹಳದಿ ಇದ್ದಿದ್ದಿಲ್ಲೇನು? ನಿನಗ ಹಳದಿ ಚಲೋ ಕಾಣ್ತದಲ್ಲ?"

"ನಿಮಗ ಚಲೋ ಕಾಣ್ತದ. ನಲವತ್ತು ವರ್ಷ ನೀವು ತಂದಿದ್ದ ಉಟ್ಟೀನಿ. ನನಗ ಹಳದಿ ಸೇರೂದಿಲ್ಲ."

ಕಟ್ಟೆಯ ಮಂದಿ ಬೀಡಿ ಸೇದುವುದನ್ನು ಮರೆತರು.

ಭಾವ ಎದ್ದು ಒಳಗೆ ಬಂದರು. ಪಡಸಾಲೆಯ ಹೊಸ್ತಿಲಲ್ಲಿ ಕೆಮ್ಮಿದರು. ಹೆಂಗಸರು ಸೆರಗು ಎಳೆದುಕೊಂಡರು. ಅವರು ಒಳಗೆ ಬರಲಿಲ್ಲ, ಅಲ್ಲೇ ನಿಂತು ತಲೆ ಎತ್ತಿ ಕಿಂಡಿ ನೋಡಿದರು. ತುಂಬ ಹೊತ್ತು ನೋಡಿದರು. ಅಪ್ಪನ ನೆನಪಾಯಿತೋ, ತಮ್ಮನ ನೆನಪಾಯಿತೋ, ಹೆಂಡತಿಯ ಮಾತು ಚುಚ್ಚಿತೋ, ನಾನು ಹೇಗೆ ಹೇಳಲಿ?

"ಶಾಂತವ್ವಾ," ಎಂದರು. ಗೋಡೆಗಲ್ಲ. ಕಂಬಕ್ಕಲ್ಲ. ನನಗೆ. "ಈ ಪ್ಲಾನಿನ ಕಾಗದ ದಪ್ಪ ಅದ. ಸೀರಿ ಕಪಾಟಿನ ತಳಕ್ಕ ಹಾಸು. ಹುಳಾ ಹಿಡಿಯೂದಿಲ್ಲ."

"ಹೂಂರಿ, ಭಾವಾ," ಎಂದೆ.

ಹೊರಗೆ ಹೋಗಿ ಸಂಗಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು: "ಆ ಹುಸೇನ್ ಮೇಸ್ತ್ರಿನ್ನ ಒಂದ್ಸಲ ದೇವದುರ್ಗಕ್ಕ ಕಳಿಸು. ನನ್ನ ಕಾಳಿನ ಅಂಗಡಿನೂ ಬರೇ ಕತ್ತಲಿ."

ಆ ರೊಟ್ಟಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅಕ್ಕ ಬಸ್ಸು ಹತ್ತುವಾಗ ನನ್ನ ಕೈ ಹಿಡಿದು, "ಮುಂದಿನ ತಿಂಗಳು ನಾನ ಬರ್ತೀನಿ, ಒಬ್ಬಾಕಿನ," ಎಂದಳು. ಆವತ್ತು ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದು ಹಾಗೇ ನೆಲದ ಮೇಲೆ ಮಲಗಿದೆ. ಎಷ್ಟು ಹಗುರ! ನಾಲ್ಕು ತಿಂಗಳ ಮೇಲೆ ಮಾಳಿಗೆಯ ತೊಲೆಗಳನ್ನು ಎಣಿಸಿದೆ. ಎಲ್ಲವೂ ಇದ್ದವು.

ಸುಮಾ, ಶರಣು, ನಿಮ್ಮ ರಾಯಚೂರಿಗೆ ಬಂದಾಗ ನೋಡುತ್ತೇನೆ. ಪೇಟೆಯಲ್ಲಿ ಹಳೆಯ ಕಲ್ಲಿನ ಅಂಗಡಿಗಳು ಒಂದೊಂದಾಗಿ ಉರುಳುತ್ತಿವೆ. ಹೊಸವು ಏಳುತ್ತಿವೆ. ಸಿಮೆಂಟಿನ ಮೇಲೆ ನನಗೆ ಸಿಟ್ಟಿಲ್ಲ. ಸೋರುವ ಮಾಳಿಗೆಯ ಕೆಳಗೆ ರಾತ್ರಿಯೆಲ್ಲ ಪಾತ್ರೆ ಹೊಂದಿಸಿಟ್ಟವಳು ನಾನು, ಹಳೆಯದೆಲ್ಲ ಚಿನ್ನ ಎನ್ನುವುದಿಲ್ಲ. ಆದರೆ ಮೂರು ಶಟರ್ ಹಾಕಿದ್ದರೂ ಮಲ್ಲಟದ ಹೆಂಗಸು ಒಳಗೆ ಬರುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಒಂದು ಗಾಜು, ಒಂದು ಬಾಗಿಲು, ಮೂರು ಮೆಟ್ಟಿಲು. ಅದು ಆ ಎಳೆಯ ಇಂಜಿನಿಯರ್‌ಗೆ ಹೊಳೆಯಲಿಲ್ಲ, ತಪ್ಪು ಅವನದಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವಳು ಪರದೆಯ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಒಂದು ದಿನ ನೀವು ದೊಡ್ಡವರಾಗಿ ಏನಾದರೂ ಕೆಡವಲು, ಕಟ್ಟಲು ಹೊರಟಾಗ ತೆಗೆದು ಓದಿ, ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದರೊಳಗೆ ಇಷ್ಟು ದಿನ ಕಾಲಿಡದೆ ಹೊರಗೇ ಉಳಿದವರನ್ನು ಒಮ್ಮೆಯಾದರೂ ಕೇಳಿದೆವಾ?